'ಪೂಜಾ ಸಾಮಗ್ರಿ' ಎಂದು ಬರೆದ ಪೆಟ್ಟಿಗೆ: ಅಪಾಯಕಾರಿ ಸರಕನ್ನು ವಿಮಾನದಲ್ಲಿ ಕಳುಹಿಸುವ ಕ್ರಮ

ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗ ನಮ್ಮ ಕೌಂಟರಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಅಮೆರಿಕದಲ್ಲಿರುವ ಮಗನಿಗೆಂದು ತಾಯಿಯೊಬ್ಬರು ಕೈಯಾರೆ ಕಟ್ಟಿ ತಂದದ್ದು. ಮೇಲೆ ದಪ್ಪ ಅಕ್ಷರದಲ್ಲಿ 'ಪೂಜಾ ಸಾಮಗ್ರಿ' ಎಂದು ಬರೆದಿದ್ದರು. ಬಿಚ್ಚಿ ನೋಡಿದರೆ ಅರಿಶಿನ, ಕುಂಕುಮ, ಗೆಜ್ಜೆವಸ್ತ್ರಗಳ ನಡುವೆ ಕಾಲು ಕಿಲೋ ಕರ್ಪೂರ, ನಾಲ್ಕು ಗಿಟುಕು ಕೊಬ್ಬರಿ, ಒಂದು ಡಜನ್ ಬೆಂಕಿಪೊಟ್ಟಣ, ಒಂದು ಅತ್ತರಿನ ಶೀಶೆ. ಮೂಲೆಯಲ್ಲಿ, ಮಗ ಕಳೆದ ಸಲ ಮರೆತು ಹೋಗಿದ್ದ ಪವರ್ ಬ್ಯಾಂಕ್.

"ಇದರಲ್ಲಿ ಅಪಾಯ ಏನಿದೆ ಸಾರ್? ದಿನಾ ದೇವರ ಮುಂದೆ ಹಚ್ಚುವುದು ತಾನೆ?" ಎಂದರು.

ಹಚ್ಚಿದರೆ ಹತ್ತಿಕೊಳ್ಳುತ್ತದಲ್ಲ ತಾಯಿ, ತೊಂದರೆ ಇರುವುದೇ ಅಲ್ಲಿ ಎಂದೆ. ಆ ಪೆಟ್ಟಿಗೆಯಲ್ಲಿದ್ದ ನಾಲ್ಕು ವಸ್ತುಗಳು ವಿಮಾನ ಸಾಗಣೆಯ ನಿಯಮಪುಸ್ತಕದಲ್ಲಿ ಹೆಸರು, ಸಂಖ್ಯೆ ಸಮೇತ ಇವೆ. ಐದನೆಯದು, ಅಂದರೆ ಅತ್ತರು, ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ತಲೆಬುರುಡೆಯ ಲೇಬಲ್ ಹಚ್ಚಿಕೊಂಡು ಬಂದ ವಿಷದ ಡ್ರಮ್ಮುಗಳಲ್ಲ. ಅವುಗಳಿಗೆ ಕಾಗದ ಇರುತ್ತದೆ, ಕಟ್ಟಿದವನಿಗೆ ತರಬೇತಿ ಇರುತ್ತದೆ, ಎಲ್ಲಿ ಇಡಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. 'ಮನೆ ಸಾಮಾನು', 'ಸ್ಯಾಂಪಲ್', 'ಬಿಡಿಭಾಗ', 'ಪೂಜಾ ಸಾಮಗ್ರಿ' ಎಂಬ ಸಾಧು ಹೆಸರು ಹೊತ್ತು ಬರುವ ಪೆಟ್ಟಿಗೆಗಳೇ ಭಯ ಹುಟ್ಟಿಸುತ್ತವೆ.

ಮನೆಯಿಂದ ಪಾರ್ಸೆಲ್ ಕಳುಹಿಸುವವರು ಮತ್ತು ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆ ಇಟ್ಟುಕೊಂಡು ಮೊದಲ ಸಲ ಸರಕನ್ನು ವಿಮಾನಕ್ಕೆ ಹಾಕುವವರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆಯುತ್ತಿದ್ದೇನೆ. ಕಾರ್ಗೋದವರು ಇಂಥ ಸರಕಿಗೆ ಚಿಕ್ಕದಾಗಿ 'ಡಿಜಿ' (ಡೇಂಜರಸ್ ಗೂಡ್ಸ್) ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಲಾರಿಯಲ್ಲಿ ಹೋಗುವುದು ವಿಮಾನದಲ್ಲಿ ಏಕೆ ಹೋಗದು

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಉಬ್ಬಿಕೊಂಡಿರುತ್ತದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಎಂಬುದನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ಬಿಗಿಯಾಗಿದ್ದ ಆಸಿಡ್ ಬಾಟಲಿಯ ಮುಚ್ಚಳ ಅಲ್ಲಿ ಒಸರತೊಡಗುತ್ತದೆ. ಜೊತೆಗೆ ಎಡೆಬಿಡದ ನಡುಕ, ಚಳಿ ಬಿಸಿಲಿನ ಏರುಪೇರು. ಲಾರಿಯಲ್ಲಿ ಹೊಗೆ ಕಂಡರೆ ಚಾಲಕ ರಸ್ತೆ ಬದಿಗೆ ನಿಲ್ಲಿಸಿ ಇಳಿದು ಓಡಬಹುದು. ಸಮುದ್ರದ ಮೇಲೆ ಹಾರುತ್ತಿರುವ ಪೈಲಟ್‌ಗೆ ಆ ಅನುಕೂಲವಿಲ್ಲ.

ಅದಕ್ಕೇ ರಸ್ತೆಯಲ್ಲಿ ಸಾಮಾನ್ಯ ಸರಕಾಗಿರುವುದು ವಿಮಾನ ಹತ್ತುವಾಗ ಅಪಾಯಕಾರಿ ಆಗುವುದುಂಟು. ಸುಟ್ಟ ಸುಣ್ಣ ಒಳ್ಳೆಯ ಉದಾಹರಣೆ. ಅಪಾಯಕಾರಿ ವಸ್ತುಗಳನ್ನು ಗುರುತಿಸಲು ವಿಶ್ವಸಂಸ್ಥೆ ಕೊಡುವ ಯುಎನ್ ಸಂಖ್ಯೆ ಅದಕ್ಕೂ ಇದೆ, ಯುಎನ್ 1910; ಆದರೂ ಕಟ್ಟುಪಾಡು ಇರುವುದು ವಿಮಾನ ಸಾಗಣೆಗೆ ಮಾತ್ರ. ನೀರು ತಾಗಿದರೆ ಅದು ಕುದಿಯುವುದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಯಾರ ನಿಯಮ

ಮೂಲ ನಿಯಮ ವಿಶ್ವಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದು, ಅಂದರೆ ಐಸಿಎಒದ್ದು. ಅದರ 18ನೆಯ ಅನುಬಂಧ ಮತ್ತು ತಾಂತ್ರಿಕ ಸೂಚನೆಗಳು ಎಲ್ಲದಕ್ಕೂ ತಾಯಿಬೇರು. ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಅದರ ಆಧಾರದ ಮೇಲೆ ಪ್ರತಿ ವರ್ಷ ಒಂದು ದಪ್ಪ ಪುಸ್ತಕ ತರುತ್ತದೆ. ಕೌಂಟರಿನಲ್ಲಿ ದಿನನಿತ್ಯ ತೆರೆಯುವುದು ಇದನ್ನೇ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಮಾತ್ರ ಅದಕ್ಕೆ ಮಾನ್ಯತೆ. ಹೋದ ವರ್ಷದ ಪುಸ್ತಕ ನೋಡಿ ಕಟ್ಟಿದ ಪೆಟ್ಟಿಗೆ ಈ ವರ್ಷ ವಾಪಸ್ ಬರಬಹುದು.

ನಮ್ಮ ದೇಶದಲ್ಲಿ ವಿಮಾನದಲ್ಲಿ ಅಪಾಯಕಾರಿ ಸರಕು ಸಾಗಣೆಗೆಂದೇ ನಿಯಮಗಳಿವೆ. ಜಾರಿಯ ಹೊಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು, ಅಂದರೆ ಡಿಜಿಸಿಎಯದ್ದು. 1934ರ ಹಳೆಯ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ಹಳೆಯ ಕಾಯ್ದೆಗೆ 2020ರಲ್ಲಿ ಮಾಡಿದ ತಿದ್ದುಪಡಿಯೇ ದಂಡದ ಗರಿಷ್ಠ ಮಿತಿಯನ್ನು 10 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಿತ್ತು. ಇವೆಲ್ಲದರ ಮೇಲೆ ಪ್ರತಿ ದೇಶಕ್ಕೂ ಪ್ರತಿ ವಿಮಾನ ಕಂಪನಿಗೂ ತಮ್ಮದೇ ಹೆಚ್ಚುವರಿ ಕಟ್ಟಳೆ ಇರುತ್ತವೆ. ಪುಸ್ತಕ ಒಪ್ಪಿದ್ದನ್ನು ಕಂಪನಿ ಬೇಡವೆನ್ನಬಹುದು. ಪುಸ್ತಕ ಬೇಡವೆಂದದ್ದನ್ನು ಕಂಪನಿ ತಾನಾಗಿ ಒಪ್ಪುವಂತಿಲ್ಲ.

ಹಂತ 1: ನಿಮ್ಮ ವಸ್ತುವಿನ ನಿಜವಾದ ಹೆಸರು ಹುಡುಕಿ

ಅರ್ಧ ಕೆಲಸ ಇದೇ. ನಿಯಮದ ದೃಷ್ಟಿಯಲ್ಲಿ ವಸ್ತುವನ್ನು ಗುರುತಿಸಿ, ಕಟ್ಟಿ, ಲೇಬಲ್ ಹಚ್ಚಿ, ಸಹಿ ಹಾಕುವ ಹೊಣೆ ಕಳುಹಿಸುವವನದು. 'ಕೊರಿಯರಿನವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ' ಎಂಬ ಮಾತು ಯಾವ ವಿಚಾರಣೆಯಲ್ಲೂ ನಡೆಯುವುದಿಲ್ಲ.

ಅಪಾಯಕಾರಿ ಸರಕಿಗೆ ಒಂಬತ್ತು ವರ್ಗಗಳಿವೆ. ಪಟಾಕಿ 1ನೆಯದು. ಅಡುಗೆ ಅನಿಲ, ಡಿಯೋಡರೆಂಟ್ ಸ್ಪ್ರೇ 2. ಪೇಂಟ್, ಥಿನ್ನರ್, ಸೆಂಟು 3. ನಾಲ್ಕನೆಯ ವರ್ಗದಲ್ಲಿ ಮೂರು ಕವಲು: ಸುಲಭವಾಗಿ ಉರಿಯುವ ಘನವಸ್ತು 4.1, ತಾನಾಗಿ ಬಿಸಿಯೇರಿ ಹತ್ತಿಕೊಳ್ಳುವುದು 4.2, ನೀರು ತಾಗಿದರೆ ಉರಿಯುವ ಅನಿಲ ಬಿಡುವುದು 4.3. ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುವ ಕ್ಯಾಲ್ಸಿಯಂ ಕಾರ್ಬೈಡ್ ಈ ಕೊನೆಯ ಕವಲಿಗೆ ಸೇರಿದ್ದು. ಬೆಂಕಿಗೆ ಆಮ್ಲಜನಕ ಒದಗಿಸುವ ಹೈಡ್ರೋಜನ್ ಪೆರಾಕ್ಸೈಡ್‌ನಂಥವು 5. ಕೀಟನಾಶಕ ಮತ್ತು ಸೋಂಕಿನ ಮಾದರಿಗಳು 6. ವಿಕಿರಣ ಸೂಸುವವು 7. ಬ್ಯಾಟರಿ ಆಸಿಡ್, ಪಾದರಸ, ಸುಟ್ಟ ಸುಣ್ಣ 8. ಬೇರೆಲ್ಲೂ ಸೇರದ ಲಿಥಿಯಂ ಬ್ಯಾಟರಿ, ಡ್ರೈ ಐಸ್, ಬಲವಾದ ಅಯಸ್ಕಾಂತ 9.

ಆ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಕರ್ಪೂರ ಯುಎನ್ 2717, ವರ್ಗ 4.1. ಬೆಂಕಿಪೊಟ್ಟಣ ಯುಎನ್ 1944, ಅದೂ 4.1. ಕೊಬ್ಬರಿ ಯುಎನ್ 1363, ವರ್ಗ 4.2. ತಿಪಟೂರಿನವರಿಗೆ ಇದನ್ನು ಹೇಳಿದರೆ ನಕ್ಕುಬಿಡುತ್ತಾರೆ, ಆದರೆ ವಿಷಯ ನಿಜ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಹೇರಳ. ಆ ಎಣ್ಣೆ ಗಾಳಿಯ ಜೊತೆ ನಿಧಾನವಾಗಿ ವರ್ತಿಸಿ ಬಿಸಿ ಹುಟ್ಟಿಸುತ್ತದೆ. ಒತ್ತಾಗಿ ರಾಶಿ ಹಾಕಿದಾಗ ಬಿಸಿ ಹೊರಹೋಗಲು ದಾರಿ ಸಿಗದೆ ಏರುತ್ತಾ ಹೋಗುತ್ತದೆ. ಕಿಡಿಯ ಅಗತ್ಯವೇ ಇಲ್ಲ. ಎಣ್ಣೆ ಉಳಿದಿರುವ ಹಿಂಡಿಗೂ ಇದೇ ಗುಣ.

ಕಾರ್ಖಾನೆಯವರು ಮಾಡಬೇಕಾದದ್ದು ಇಷ್ಟು: ತಯಾರಕರಿಂದ ಸುರಕ್ಷತಾ ದತ್ತಾಂಶ ಪತ್ರ ತರಿಸಿಕೊಳ್ಳಿ. ಎಲ್ಲರೂ ಎಂಎಸ್‌ಡಿಎಸ್ ಎನ್ನುವುದು ಇದಕ್ಕೇ. ಅದರ 14ನೆಯ ಭಾಗದಲ್ಲಿ ಸಾಗಣೆಯ ಮಾಹಿತಿ ಇರುತ್ತದೆ: ಯುಎನ್ ಸಂಖ್ಯೆ, ಸಾಗಣೆಗೆ ಬಳಸಬೇಕಾದ ಅಧಿಕೃತ ಹೆಸರು, ವರ್ಗ, ಪ್ಯಾಕಿಂಗ್ ಗುಂಪು. ಪ್ಯಾಕಿಂಗ್ ಗುಂಪು ಎಂದರೆ ಅಪಾಯದ ತೀವ್ರತೆ. ಒಂದನೆಯದು ಹೆಚ್ಚು, ಮೂರನೆಯದು ಕಡಿಮೆ. 14ನೆಯ ಭಾಗದಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದಿದ್ದರೂ 9ನೆಯ ಭಾಗದಲ್ಲಿರುವ ಫ್ಲ್ಯಾಶ್ ಪಾಯಿಂಟ್ ಮೇಲೆ ಒಮ್ಮೆ ಕಣ್ಣಾಡಿಸಿ. ಬೇರೆ ಉತ್ಪನ್ನದ ಪತ್ರವನ್ನೇ ನಕಲು ಮಾಡಿ ಹೆಸರು ಮಾತ್ರ ಬದಲಿಸಿದ ಎಂಎಸ್‌ಡಿಎಸ್‌ಗಳನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ.

ಫ್ಲ್ಯಾಶ್ ಪಾಯಿಂಟ್ ಎಂದರೆ ದ್ರವದ ಆವಿ ಕಿಡಿ ತಾಗಿ ಹತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ. ಅದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವರ್ಗ 3; 23 ಡಿಗ್ರಿಗಿಂತ ಕಡಿಮೆ ಇದ್ದರೆ ಗುಂಪು ಇನ್ನೂ ಕಠಿಣವಾಗುತ್ತದೆ. ಅತ್ತರಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಳೆಯ ಕ್ರಮದಂತೆ ಗಂಧದೆಣ್ಣೆಯನ್ನೇ ಆಧಾರವಾಗಿಟ್ಟು ಮಾಡಿದ ಅತ್ತರಾದರೆ ಫ್ಲ್ಯಾಶ್ ಪಾಯಿಂಟ್ 60ಕ್ಕಿಂತ ಬಹಳ ಮೇಲಿರುತ್ತದೆ. ಅದು ಮೂರನೆಯ ವರ್ಗಕ್ಕೆ ಬರುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗಿಸಿದ ಸೆಂಟಾದರೆ ಯುಎನ್ 1266. ಎರಡೂ ಅದೇ ಶೀಶೆಯಲ್ಲಿ, ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಕುಳಿತಿರುತ್ತವೆ. ಶೀಶೆ ನೋಡಿ ತೀರ್ಮಾನಿಸುವಂತಿಲ್ಲ, ಪತ್ರ ನೋಡಿಯೇ ತೀರ್ಮಾನಿಸಬೇಕು. ಹಾಗೆಯೇ ನೀರು ಬೆರೆತ ಆಲ್ಕೋಹಾಲ್ ಶೇ 24 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಟ್ಟುಪಾಡಿಲ್ಲ. ದಶಮೂಲಾರಿಷ್ಟದಂಥ ಆಯುರ್ವೇದ ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟುವ ಮದ್ಯಸಾರ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ಕೈ ತೊಳೆಯುವ ಸ್ಯಾನಿಟೈಸರ್ ಅದಕ್ಕಿಂತ ಎಷ್ಟೋ ಮೇಲೆ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಾರ್ಗೋ ತರಗತಿಗಳಲ್ಲಿ ಇಂದಿಗೂ ಹೇಳುವ ಕಥೆ ವ್ಯಾಲ್ಯೂಜೆಟ್ 592ರದು. 1996ರ ಮೇ 11ರಂದು ಮಯಾಮಿಯಿಂದ ಹೊರಟ ಆ ವಿಮಾನ ಸುಮಾರು ಹತ್ತು ನಿಮಿಷದಲ್ಲಿ ಫ್ಲಾರಿಡಾದ ಜೌಗುಭೂಮಿಯಲ್ಲಿ ಬಿತ್ತು. ಒಳಗಿದ್ದ 110 ಮಂದಿಯೂ ಸತ್ತರು. ಸರಕಿನ ಕೋಣೆಯಲ್ಲಿ ಬೇರೆ ವಿಮಾನಗಳಿಂದ ಬಿಚ್ಚಿದ, ಅವಧಿ ಮುಗಿದ ಆಮ್ಲಜನಕ ಉತ್ಪಾದಕಗಳಿದ್ದವು. ಚಾಲೂ ಆದರೆ ವಿಪರೀತ ಬಿಸಿಯೇರುವ ಸಾಧನಗಳು ಅವು. ಸುರಕ್ಷತಾ ಮುಚ್ಚಳ ಹಾಕಿರಲಿಲ್ಲ. ಕಾಗದದಲ್ಲಿ ಅವುಗಳನ್ನು 'ಖಾಲಿ' ಡಬ್ಬಿಗಳೆಂದು ಬರೆಯಲಾಗಿತ್ತು.

ಹಂತ 2: ಹೋಗಬಹುದೇ, ಹೋದರೆ ಯಾವ ವಿಮಾನದಲ್ಲಿ

ಹೆಸರು ಸಿಕ್ಕ ಮೇಲೆ ಪುಸ್ತಕದ ನೀಲಿ ಪುಟಗಳ ಪಟ್ಟಿಯಲ್ಲಿ ಅದೇ ಸಾಲಿನಲ್ಲಿ ಅಡ್ಡಕ್ಕೆ ಓದುತ್ತಾ ಹೋಗಿ. ಪ್ರಯಾಣಿಕ ವಿಮಾನಕ್ಕೆ ಎಷ್ಟು, ಸರಕು ವಿಮಾನಕ್ಕೆ ಎಷ್ಟು, ಯಾವ ಪ್ಯಾಕಿಂಗ್ ಸೂಚನೆ, ಎಲ್ಲವೂ ಅಲ್ಲಿವೆ. ಮೂರನೆಯ ಗುಂಪಿನ ಪೇಂಟ್ ಯುಎನ್ 1263 ಆದರೆ ಪ್ರಯಾಣಿಕ ವಿಮಾನದಲ್ಲಿ ಒಂದು ಪೊಟ್ಟಣಕ್ಕೆ 60 ಲೀಟರ್, ಸರಕು ವಿಮಾನದಲ್ಲಿ 220 ಲೀಟರ್. ಅದೇ ಪೇಂಟ್ ಎರಡನೆಯ ಗುಂಪಿಗೆ ಸೇರಿದರೆ ಮಿತಿ 5 ಲೀಟರ್ ಮತ್ತು 60 ಲೀಟರ್‌ಗೆ ಕುಸಿಯುತ್ತದೆ. ಫ್ಲ್ಯಾಶ್ ಪಾಯಿಂಟ್ ಅಂದಾಜಿನಲ್ಲಿ ಬರೆಯಬಾರದು ಎನ್ನುವುದು ಇದಕ್ಕೇ.

ಕೆಲವು ವಸ್ತುಗಳು ಯಾವ ವಿಮಾನದಲ್ಲೂ ಹೋಗುವಂತಿಲ್ಲ. ಊದಿಕೊಂಡ, ಹಾಳಾದ, ಸುರಕ್ಷತೆಯ ಕಾರಣಕ್ಕೆ ಕಂಪನಿ ವಾಪಸ್ ಕರೆಸಿಕೊಂಡ ಲಿಥಿಯಂ ಬ್ಯಾಟರಿ ಅವುಗಳಲ್ಲೊಂದು. 'ಸರ್ವಿಸ್ ಸೆಂಟರಿಗೆ ಕಳುಹಿಸಬೇಕು, ಉಬ್ಬಿದೆ' ಎಂದು ಯಾರಾದರೂ ಮೊಬೈಲ್ ಬ್ಯಾಟರಿ ಕೊಟ್ಟರೆ ರಸ್ತೆ ಸಾಗಣೆಯ ದಾರಿ ಹುಡುಕಿ.

ಪ್ರಮಾಣ ತೀರಾ ಕಡಿಮೆ ಇದ್ದರೆ ರಿಯಾಯಿತಿಯ ದಾರಿಗಳೂ ಉಂಟು. ಪ್ರಯೋಗಾಲಯಕ್ಕೆ 30 ಮಿಲಿಲೀಟರಿನ ಶೀಶೆಗಳಲ್ಲಿ ಮಾದರಿ ಕಳುಹಿಸುವವರು 'ವಿನಾಯಿತಿ ಪ್ರಮಾಣ' ಎಂಬ ಅಧ್ಯಾಯ ಓದಲೇಬೇಕು. ಪಟ್ಟಿಯಲ್ಲಿ ಇ1ರಿಂದ ಇ5ರವರೆಗಿನ ಸಂಕೇತ ಅದನ್ನು ಹೇಳುತ್ತದೆ, ಇ0 ಎಂದಿದ್ದರೆ ರಿಯಾಯಿತಿ ಇಲ್ಲ. ಎಷ್ಟೋ ಸಣ್ಣ ಉದ್ಯಮಿಗಳು ಇದು ಗೊತ್ತಿಲ್ಲದೆ ಪೂರ್ಣ ಡಿಜಿ ಖರ್ಚು ಹಾಕುತ್ತಾರೆ, ಇಲ್ಲವೇ ಹೇಳದೆ ಕಳುಹಿಸಿ ಸಿಕ್ಕಿಬೀಳುತ್ತಾರೆ.

ಹಂತ 3: ಕಟ್ಟುವುದು

1973ರ ನವೆಂಬರ್ 3ರಂದು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಹೊರಟಿದ್ದ ಪ್ಯಾನ್ ಆಮ್‌ನ ಸರಕು ವಿಮಾನದಲ್ಲಿ ನೈಟ್ರಿಕ್ ಆಸಿಡ್‌ನ ಗಾಜಿನ ಬಾಟಲಿಗಳಿದ್ದವು. ಬಾಟಲಿಗಳ ಸುತ್ತ ತುಂಬಿದ್ದು ಮರದ ಹೊಟ್ಟು. ನೈಟ್ರಿಕ್ ಆಸಿಡ್ ಉರಿಯದ ವಸ್ತುವೇ ಇರಬಹುದು, ಆದರೆ ಮರದ ಹೊಟ್ಟಿನ ಜೊತೆ ಸೇರಿದರೆ ಬೆಂಕಿ ಹುಟ್ಟಿಸುತ್ತದೆ. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿ, ಬಾಸ್ಟನ್‌ಗೆ ತಿರುಗಿದ ವಿಮಾನ ಓಡುದಾರಿಯ ಬಳಿಯೇ ಬಿದ್ದು ಮೂವರು ಸಿಬ್ಬಂದಿ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಸೋರಿದ ಆಸಿಡ್ ಮತ್ತು ಹೊಟ್ಟಿನ ಕಡೆಗೆ.

ಹಾಗಾಗಿ ಬಾಟಲಿಯ ಸುತ್ತ ಏನು ತುಂಬುತ್ತೀರಿ ಎಂಬುದೂ ನಿಯಮದ ವಿಷಯ. ಹಳೆಯ ದಿನಪತ್ರಿಕೆ, ಹುಲ್ಲು, ಥರ್ಮೋಕೋಲ್ ಚೂರು ಎಲ್ಲದಕ್ಕೂ ಸಲ್ಲುವುದಿಲ್ಲ. ಒಳಗಿನ ದ್ರವದೊಂದಿಗೆ ವರ್ತಿಸದ, ಸೋರಿದರೆ ಹೀರಿಕೊಳ್ಳುವ ವಸ್ತು ಬೇಕು. ದ್ರವ ಹಿಡಿದ ಬಾಟಲಿ ಒತ್ತಡದ ಏರುಪೇರು ತಾಳಬೇಕು; ಸಾಮಾನ್ಯವಾಗಿ ಕೇಳುವ ಮಟ್ಟ 95 ಕಿಲೋಪಾಸ್ಕಲ್. ಮುಚ್ಚಳಕ್ಕೆ ಟೇಪು, ತಂತಿ ಅಥವಾ ಕಟ್ಟು ಹೀಗೆ ಎರಡನೆಯ ಬಂದೋಬಸ್ತು ಇರಲಿ. ಕಂಠದವರೆಗೆ ತುಂಬಬೇಡಿ, ಬಿಸಿಯೇರಿದರೆ ಹಿಗ್ಗಲು ಜಾಗ ಉಳಿಸಿ.

ಹೊರಪೆಟ್ಟಿಗೆ ಹೆಚ್ಚಿನ ಸಂದರ್ಭಗಳಲ್ಲಿ ಯುಎನ್ ಪರೀಕ್ಷೆ ಪಾಸಾದದ್ದೇ ಆಗಿರಬೇಕು. ಅದರ ಮೇಲೆ ವೃತ್ತದೊಳಗೆ ಯುಎನ್ ಎಂಬ ಗುರುತು, ಪಕ್ಕದಲ್ಲಿ 4ಜಿ/ವೈ ಎಂಬಂಥ ಸಂಕೇತದ ಸಾಲು ಇರುತ್ತದೆ. 4 ಎಂದರೆ ಪೆಟ್ಟಿಗೆ, ಜಿ ಎಂದರೆ ಫೈಬರ್‌ಬೋರ್ಡ್. ಎಕ್ಸ್ ಇದ್ದರೆ ಮೂರೂ ಗುಂಪಿಗೆ ಸಲ್ಲುತ್ತದೆ, 1.8 ಮೀಟರಿನಿಂದ ಬೀಳಿಸಿ ಪರೀಕ್ಷಿಸಿರುತ್ತಾರೆ. ವೈ ಇದ್ದರೆ ಎರಡನೆಯ, ಮೂರನೆಯ ಗುಂಪಿಗೆ, 1.2 ಮೀಟರ್, ಜೆಡ್ ಇದ್ದರೆ ಮೂರನೆಯದಕ್ಕೆ ಮಾತ್ರ, 0.8 ಮೀಟರ್. ನಮ್ಮಲ್ಲಿ ಈ ಪ್ರಮಾಣಪತ್ರ ಕೊಡುವುದು ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಪರೀಕ್ಷೆ ಪಾಸಾದದ್ದು ಒಳಗಿನ ಬಾಟಲಿ, ಹೊರಗಿನ ಪೆಟ್ಟಿಗೆ, ನಡುವಿನ ಭರ್ತಿ ಮೂರೂ ಸೇರಿ. ಪೆಟ್ಟಿಗೆ ಮಾತ್ರ ಕೊಂಡು ಒಳಗೆ ಸಿಕ್ಕಿದ ಬಾಟಲಿ ಇಟ್ಟರೆ ಆ ಗುರುತಿಗೆ ಅರ್ಥವಿಲ್ಲ.

ಹಂತ 4: ಗುರುತು ಮತ್ತು ಲೇಬಲ್

ಇದು ಸುಲಭ, ಆದರೆ ಪೆಟ್ಟಿಗೆ ವಾಪಸ್ ಬರುವುದು ಹೆಚ್ಚಾಗಿ ಇಲ್ಲಿಯೇ. ಪೆಟ್ಟಿಗೆಯ ಮೇಲೆ ಯುಎನ್ ಸಂಖ್ಯೆ, ಅಧಿಕೃತ ಹೆಸರು, ಕಳುಹಿಸುವವರ ಮತ್ತು ಪಡೆಯುವವರ ಪೂರ್ಣ ವಿಳಾಸ, ಬೇಕಾದಲ್ಲಿ ನಿವ್ವಳ ಪ್ರಮಾಣ ಇರಲಿ. ವಜ್ರಾಕಾರದ ವರ್ಗದ ಲೇಬಲ್ ಕನಿಷ್ಠ 100 ಮಿಲಿಮೀಟರ್ ಬದಿಯದು. ದ್ರವವಿದ್ದರೆ ಮೇಲ್ಮುಖ ಬಾಣಗಳು ಎದುರುಬದುರಾದ ಎರಡು ಬದಿಗಳಲ್ಲಿ. ಪ್ರಯಾಣಿಕ ವಿಮಾನಕ್ಕೆ ಸಲ್ಲದ್ದಾದರೆ 'ಸರಕು ವಿಮಾನ ಮಾತ್ರ' ಎಂಬ ಕಿತ್ತಳೆ ಲೇಬಲ್.

ಲೇಬಲ್ ಪೆಟ್ಟಿಗೆಯ ತಳಕ್ಕೆ ಅಂಟಿಸಬೇಡಿ, ಮೂಲೆ ಮಡಚಿ ಎರಡು ಬದಿಗೆ ಹರಡಬೇಡಿ, ಅದರ ಮೇಲೆ ಪಟ್ಟಿ ಬಿಗಿಯಬೇಡಿ. ಹಳೆಯ ಪೆಟ್ಟಿಗೆ ಮರುಬಳಕೆ ಮಾಡಿದ್ದರೆ ಹಳೆಯ ಲೇಬಲ್ ಕಿತ್ತುಹಾಕಿ. ಬಟ್ಟೆ ತುಂಬಿದ ಪೆಟ್ಟಿಗೆಯ ಮೇಲೆ ಆಸಿಡ್ ಲೇಬಲ್ ಉಳಿದಿದ್ದರೆ ಅದೂ ಸುಳ್ಳೇ, ಅದೂ ವಾಪಸ್ ಬರುತ್ತದೆ.

ಹಂತ 5: ಕಾಗದ

ಕಳುಹಿಸುವವರ ಘೋಷಣಾ ಪತ್ರಕ್ಕೆ ಎರಡು ಬದಿಯಲ್ಲಿ ಕೆಂಪು ಓರೆ ಪಟ್ಟೆಗಳಿರುತ್ತವೆ; ಕೌಂಟರಿನಲ್ಲಿ ಇದಕ್ಕೆ ಡಿಕ್ಲರೇಷನ್ ಎಂದಷ್ಟೇ ಹೆಸರು. ಇಂಗ್ಲಿಷಿನಲ್ಲಿ ತುಂಬುವುದು ಕಡ್ಡಾಯ. ಜೊತೆಗೆ ಬೇರೆ ಭಾಷೆಯಲ್ಲಿ ಬರೆದರೆ ಅಡ್ಡಿಯಿಲ್ಲ. ಬರೆಯುವ ಅನುಕ್ರಮವೂ ನಿಗದಿ: ಯುಎನ್ ಸಂಖ್ಯೆ, ಅಧಿಕೃತ ಹೆಸರು, ವರ್ಗ, ಪ್ಯಾಕಿಂಗ್ ಗುಂಪು, ನಂತರ ಎಷ್ಟು ಪೊಟ್ಟಣ ಯಾವ ಬಗೆಯದು ತಲಾ ಎಷ್ಟು ಪ್ರಮಾಣ, ಕೊನೆಗೆ ಪ್ಯಾಕಿಂಗ್ ಸೂಚನೆಯ ಸಂಖ್ಯೆ. ತಿದ್ದಿದರೆ ತಿದ್ದಿದ ಕಡೆ ಅದೇ ವ್ಯಕ್ತಿ ಸಹಿ ಹಾಕಬೇಕು. ಏರ್‌ವೇ ಬಿಲ್ಲಿನಲ್ಲೂ, ಅಂದರೆ ವಿಮಾನ ಸರಕಿನ ರವಾನೆ ಪತ್ರದಲ್ಲೂ, ಘೋಷಣೆ ಲಗತ್ತಿಸಿದೆ ಎಂಬ ಸಾಲು ಬರಬೇಕು.

ಸಹಿ ಹಾಕುವವರಿಗೆ ತರಬೇತಿ ಇರಬೇಕು, ಅದನ್ನು 24 ತಿಂಗಳೊಳಗೆ ನವೀಕರಿಸುತ್ತಿರಬೇಕು. ತರಬೇತಿ ಇಲ್ಲದ ಸಣ್ಣ ಉದ್ಯಮಿಗಳಿಗೆ ನನ್ನ ಸಲಹೆ: ವರ್ಷಕ್ಕೆ ಎರಡು ಮೂರು ಸಲ ಮಾತ್ರ ಕಳುಹಿಸುವವರಾದರೆ ಡಿಜಿ ಕೆಲಸವನ್ನೇ ಮಾಡುವ ಪ್ಯಾಕರ್ ಮತ್ತು ಫಾರ್ವರ್ಡರ್ (ಸರಕು ಸಾಗಿಸಿಕೊಡುವ ಮಧ್ಯವರ್ತಿ) ಮೂಲಕ ಹೋಗಿ, ತಿಂಗಳಿಗೆ ನಾಲ್ಕಾರು ಸಲವಾದರೆ ನಿಮ್ಮವರೊಬ್ಬರನ್ನು ತರಬೇತಿಗೆ ಕಳುಹಿಸಿ. ಮನೆಯಿಂದ ಕಾಲು ಕಿಲೋ ಕರ್ಪೂರ ಕಳುಹಿಸಲು ಈ ಎಲ್ಲ ಖರ್ಚು ಮಾಡುವುದು ಹುಚ್ಚುತನ; ಅಲ್ಲಿಯೇ ಕೊಂಡುಕೊಳ್ಳಲು ಹೇಳಿ.

ಹಂತ 6: ಒಪ್ಪಿಸುವುದು

ವಿಮಾನ ಕಂಪನಿಯ ಸಿಬ್ಬಂದಿ ತಪಾಸಣಾ ಪಟ್ಟಿ ಹಿಡಿದು ಒಂದೊಂದೇ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುತ್ತಾರೆ. ಒಂದೇ ಒಂದು 'ಇಲ್ಲ' ಬಂದರೂ ಪೆಟ್ಟಿಗೆ ಒಳಗೆ ಹೋಗುವುದಿಲ್ಲ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ವಿಮಾನ ಹೊರಡುವ ದಿನವೇ ತಂದು ಅವಸರಿಸಬೇಡಿ, ತಿದ್ದಲು ಒಂದು ದಿನ ಕೈಯಲ್ಲಿರಲಿ. ಒಪ್ಪಿಕೊಂಡ ಮೇಲೆ ಯಾವುದು ಯಾವುದರ ಪಕ್ಕ ಇರಬಾರದು ಎಂಬ ಕೋಷ್ಟಕ ನೋಡಿ ತುಂಬುತ್ತಾರೆ, ಮತ್ತು ಯಾವ ಸರಕು ಎಲ್ಲಿದೆ ಎಂಬ ಚೀಟಿಯನ್ನು ಕ್ಯಾಪ್ಟನ್ ಕೈಗೆ ಕೊಡುತ್ತಾರೆ. ಹೊಗೆ ಕಂಡರೆ ಕ್ಯಾಪ್ಟನ್ ಮೊದಲು ನೋಡುವ ಕಾಗದಗಳಲ್ಲಿ ಅದೂ ಒಂದು. ನೀವು ಮುಚ್ಚಿಟ್ಟ ವಸ್ತು ಅದರಲ್ಲಿ ಇರುವುದಿಲ್ಲ.

ಲಿಥಿಯಂ: ಇದಕ್ಕೆ ಬೇರೆಯೇ ಜಾಗ

ಈಗ ಬರುವ ಪ್ರಶ್ನೆಗಳಲ್ಲಿ ಅರ್ಧ ಬ್ಯಾಟರಿಯದೇ. ಒಂದು ಕೋಶ ಒಳಗೇ ಶಾರ್ಟ್ ಆದರೆ ಬಿಸಿ ತನ್ನನ್ನು ತಾನೇ ಏರಿಸಿಕೊಂಡು ಪಕ್ಕದ ಕೋಶಕ್ಕೆ ಹರಡುತ್ತದೆ. ಸರಕಿನ ಕೋಣೆಯಲ್ಲಿ ಬೆಂಕಿ ಆರಿಸಲು ಇರುವ ಹ್ಯಾಲಾನ್ ಅನಿಲ ಹೊರಗಿನ ಜ್ವಾಲೆ ತಗ್ಗಿಸಬಹುದು, ಒಳಗಿನ ಈ ಸರಪಣಿಯನ್ನು ನಿಲ್ಲಿಸಲಾರದು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್‌ನ 747 ಸರಕು ವಿಮಾನದಲ್ಲಿ ಬೆಂಕಿ ಹೊತ್ತಿ ಇಬ್ಬರೂ ಪೈಲಟ್‌ಗಳು ಸತ್ತರು. ಅದರಲ್ಲಿ ಅಪಾರ ಲಿಥಿಯಂ ಬ್ಯಾಟರಿಗಳಿದ್ದವು. ಘೋಷಿಸಬೇಕಾಗಿದ್ದ ಕೆಲವನ್ನು ಘೋಷಿಸಿರಲಿಲ್ಲ.

ಬ್ಯಾಟರಿ ಹೇಗೆ ಹೋಗುತ್ತದೆ ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಯುಎನ್ 3480, ಪ್ಯಾಕಿಂಗ್ ಸೂಚನೆ 965. ಉಪಕರಣದ ಜೊತೆಗೆ ಬೇರೆಯಾಗಿ ಇಟ್ಟದ್ದು ಯುಎನ್ 3481, ಸೂಚನೆ 966. ಉಪಕರಣದ ಒಳಗೇ ಅಳವಡಿಸಿದ್ದು ಅದೇ 3481, ಸೂಚನೆ 967. ಇದೇ ಎಲ್ಲಕ್ಕಿಂತ ಸರಳ. ಬಿಡಿ ಬ್ಯಾಟರಿ 2016ರ ಏಪ್ರಿಲ್ 1ರಿಂದ ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ನಿಷಿದ್ಧ; ಸರಕು ವಿಮಾನದಲ್ಲೂ ಚಾರ್ಜ್ ಶೇ 30ಕ್ಕಿಂತ ಹೆಚ್ಚಿರಬಾರದು. ಉಪಕರಣದ ಜೊತೆ ಬೇರೆಯಾಗಿಟ್ಟ, 2.7 ವಾಟ್-ಅವರ್‌ಗಿಂತ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ದೊಡ್ಡ ಬ್ಯಾಟರಿಗೂ 2026ರ ಜನವರಿ 1ರಿಂದ ಈ ಶೇ 30ರ ಮಿತಿ ಕಡ್ಡಾಯ. ಯಾವುದೇ ಬಗೆಯಾದರೂ ವಿಶ್ವಸಂಸ್ಥೆಯ 38.3ನೆಯ ಪರೀಕ್ಷೆ ಪಾಸಾಗಿರಬೇಕು, ತಯಾರಕರಿಂದ ಅದರ ಸಾರಾಂಶ ಪತ್ರ ಸಿಗಬೇಕು. ಎಸ್‌ಪಿ ರಸ್ತೆಯಲ್ಲಿ ಕೊಂಡ ಹೆಸರಿಲ್ಲದ ಬ್ಯಾಟರಿಗೆ ಆ ಪತ್ರ ಸಿಗುವ ಸಂಭವ ಕಡಿಮೆ. ಸಿಗದಿದ್ದರೆ ಅದನ್ನು ವಿಮಾನಕ್ಕೆ ಹಾಕುವ ಯೋಚನೆ ಬಿಡಿ.

ಪವರ್ ಬ್ಯಾಂಕ್ ನಿಯಮದ ಕಣ್ಣಿನಲ್ಲಿ ಉಪಕರಣವಲ್ಲ, ಬಿಡಿ ಬ್ಯಾಟರಿ. ಹಾಗಾಗಿ ಆ ತಾಯಿಯ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಮಗ ಮುಂದಿನ ಸಲ ಬಂದಾಗ ಕೈಚೀಲದಲ್ಲಿ ಒಯ್ಯಬಹುದು.

ಡ್ರೈ ಐಸ್ ಮತ್ತು ರಕ್ತದ ಮಾದರಿ

ಡ್ರೈ ಐಸ್ ಎಂದರೆ ಮೈನಸ್ 78 ಡಿಗ್ರಿ ಆಸುಪಾಸಿನ ಘನ ಇಂಗಾಲದ ಡೈಆಕ್ಸೈಡ್, ಯುಎನ್ 1845. ಒಂದು ಕಿಲೋ ಕರಗಿದರೆ ಐನೂರು ಲೀಟರಿಗೂ ಹೆಚ್ಚು ಅನಿಲ. ಗಾಳಿಯಾಡದಂತೆ ಟೇಪು ಸುತ್ತಿದ ಥರ್ಮೋಕೋಲ್ ಡಬ್ಬ ಸಿಡಿಯುತ್ತದೆ. ಅನಿಲ ಹೊರಹೋಗಲು ದಾರಿ ಬಿಡಲೇಬೇಕು, ಹೊರಗೆ ನಿವ್ವಳ ತೂಕ ಬರೆಯಬೇಕು. ಸಾಮಾನ್ಯ ರೋಗನಿರ್ಣಯದ ರಕ್ತ, ಕಫದ ಮಾದರಿಗಳು ಯುಎನ್ 3373: ಸೋರದ ಒಳಪಾತ್ರೆ, ಸೋರದ ಎರಡನೆಯ ಪಾತ್ರೆ, ಗಟ್ಟಿ ಹೊರಪೆಟ್ಟಿಗೆ, ನಡುವೆ ಎಲ್ಲ ದ್ರವವನ್ನೂ ಹೀರಬಲ್ಲಷ್ಟು ಹತ್ತಿ. ಡ್ರೈ ಐಸನ್ನು ಎರಡನೆಯ ಪಾತ್ರೆಯ ಹೊರಗೆ ಇಡಿ, ಎಂದೂ ಒಳಗಲ್ಲ.

ಪ್ರಯಾಣಿಕರ ಚೀಲ

ಬಿಡಿ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಲೆಕ್ಕ ಹೀಗೆ: 20,000 ಎಂಎಎಚ್ ಎಂದರೆ 20 ಆಂಪಿಯರ್-ಅವರ್, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವಾಟ್-ಅವರ್. 100ರವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160ರವರೆಗೆ ಕಂಪನಿಯ ಅನುಮತಿಯೊಂದಿಗೆ ಎರಡು, ಅದರಾಚೆ ಇಲ್ಲ. ತಲೆಯ ಮೇಲಿನ ಕಪಾಟಿನಲ್ಲಿ ತುರುಕಬೇಡಿ, ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳಿ. ಶೇ 24ರಿಂದ 70ರವರೆಗಿನ ಮದ್ಯ ಅಂಗಡಿಯ ಮೂಲ ಬಾಟಲಿಯಲ್ಲಿ ಒಬ್ಬರಿಗೆ ಒಟ್ಟು 5 ಲೀಟರ್. ಸೆಂಟು, ಸ್ಪ್ರೇ, ಔಷಧಿಗಳು ಒಂದೊಂದೂ ಅರ್ಧ ಲೀಟರ್ ಮೀರದೆ ಒಟ್ಟು 2 ಲೀಟರ್. ಬೆಂಕಿಪೊಟ್ಟಣ, ಲೈಟರ್ ನಮ್ಮ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ದಾಟುವುದಿಲ್ಲ.

ತೆಂಗಿನಕಾಯಿಯ ವಿಷಯ ಸ್ವಲ್ಪ ಬೇರೆ. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿರುವ ತುಪ್ಪ ತುಂಬಿದ ಕಾಯಿಯನ್ನು ಕೈಚೀಲದಲ್ಲಿ ಒಯ್ಯಲು 2024ರ ಅಕ್ಟೋಬರ್‌ನಲ್ಲಿ ವಿಶೇಷ ಅನುಮತಿ ಕೊಟ್ಟರು. ಅದು 2025ರ ಜನವರಿ 20ರವರೆಗೆ ಎಂದು ಗಡುವೂ ಇತ್ತು. ಮಾಲೆ ಹಾಕಿದವರು ಹೊರಡುವ ಮುನ್ನ ಆ ವರ್ಷದ ಆದೇಶ ಏನೆಂದು ವಿಮಾನ ಕಂಪನಿಯನ್ನು ಕೇಳಿಕೊಳ್ಳಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಕೊಬ್ಬರಿ ಇಟ್ಟು ಕಳುಹಿಸಿದರೆ ಎಕ್ಸ್‌ರೇ ಮುಂದೆ ನಿಮ್ಮ ಹೆಸರು ಕೂಗುತ್ತಾರೆ.

ಆ ತಾಯಿ ಕರ್ಪೂರ, ಬೆಂಕಿಪೊಟ್ಟಣ, ಪವರ್ ಬ್ಯಾಂಕ್ ವಾಪಸ್ ಚೀಲಕ್ಕೆ ಹಾಕಿಕೊಂಡರು. ಅತ್ತರಿನ ಶೀಶೆಯ ಮೇಲೆ ತಯಾರಕರ ಹೆಸರೇ ಇರಲಿಲ್ಲ, ಅದೂ ಹೊರಬಂತು. ಕೊಬ್ಬರಿ ಎತ್ತಿಡುವಾಗ ಮಾತ್ರ ಸ್ವಲ್ಪ ತಡೆದು, "ಹಾಗಾದರೆ ಕೊಬ್ಬರಿ ಮಿಠಾಯಿ ಮಾಡಿ ಕಳುಹಿಸಬಹುದೇ?" ಎಂದು ಕೇಳಿದರು. ನಿಯಮದ ಪಟ್ಟಿಯಲ್ಲಿ ಕೊಬ್ಬರಿ ಮಿಠಾಯಿಗೆ ಯುಎನ್ ಸಂಖ್ಯೆ ಇಲ್ಲ. ಡಬ್ಬದ ಮೇಲೆ 'ಸಿಹಿ ತಿಂಡಿ' ಎಂದೇ ಬರೆಯಿರಿ ಎಂದೆ.